ತಲೆಗೆ ಪೆಟ್ಟು ಬಿದ್ದ ಮೇಲೆ ಹೊಸದನ್ನು ಕಲಿಯಲು ಆಗುತ್ತದೆಯೇ?

ಆಗುತ್ತದೆ, ಕಲಿಸುವ ರೀತಿ ಬದಲಾಗಬೇಕು ಅಷ್ಟೇ. ಹುಬ್ಬಳ್ಳಿಯಲ್ಲಿ ಬೈಕ್‌ನಿಂದ ಬಿದ್ದ ನಿಮ್ಮ ತಮ್ಮನಿಗೆ ಶಾಲೆಯ ದಿನಗಳೆಲ್ಲ ನೆನಪಿವೆ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ ಎಂದು ಬರೆದಿದ್ದೀರಿ. ಅವನು ಬೇಕಂತಲೇ ಹಾಗೆ ಮಾಡುತ್ತಿಲ್ಲ. ಮನೆಯವರಿಗೆಲ್ಲ ಮೊದಲು ಇದನ್ನು ಹೇಳಿ.

ಹೊಸ ನೆನಪು ಕಟ್ಟುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ. ಪೆಟ್ಟಿನಿಂದ ಅದಕ್ಕೆ ಸುಲಭವಾಗಿ ಹಾನಿಯಾಗುತ್ತದೆ. ಆದರೆ ಕೈ ಕಲಿಯುವ ಅಭ್ಯಾಸಕ್ಕೆ ಬೇರೆ ದಾರಿ ಇದೆ. 1953ರ ಶಸ್ತ್ರಚಿಕಿತ್ಸೆಯಲ್ಲಿ ಈ ಭಾಗವನ್ನು ಬಹುಪಾಲು ಕಳೆದುಕೊಂಡ ಒಬ್ಬರಿಗೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕನ್ನಡಿ ನೋಡುತ್ತಾ ನಕ್ಷತ್ರ ಬರೆಯಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಬರೆದದ್ದು ಮಾತ್ರ ಅವರಿಗೆ ನೆನಪೇ ಇರಲಿಲ್ಲ!

ನಿಮಗೆ ಜಾಸ್ತಿ ಉಪಯೋಗವಾಗುವುದು 1994ರಲ್ಲಿ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ತೋರಿಸಿದ ವಿಷಯ. ನೆನಪು ತೀರಾ ಕುಂದಿದವರಿಗೆ ತಪ್ಪು ಮಾಡಲು ಬಿಡದೆ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ. ಊಹಿಸಲು ಬಿಟ್ಟರೆ ತಪ್ಪು ಉತ್ತರವೇ ಗಟ್ಟಿಯಾಗುತ್ತದೆ. ಹಾಗಾಗಿ ‘ನಿನ್ನೆ ಏನು ಊಟ ಮಾಡಿದೆ, ಹೇಳು ನೋಡೋಣ’ ಅಂತ ಸುಮ್ನೆ ಪರೀಕ್ಷೆ ಮಾಡಬೇಡಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎಲ್ಲಿ ಇಳಿಯಬೇಕು ಎಂದು ನೀವೇ ಹೇಳಿ, ಅವನಿಂದ ಹೇಳಿಸಿ. ಒಂದು ನಿಮಿಷ ಬಿಟ್ಟು, ಆಮೇಲೆ ಐದು ನಿಮಿಷ, ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಿಸಿ.

ಮಾತ್ರೆಗೆ ಮೊಬೈಲ್ ಅಲಾರಂ ಇಡಿ. ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ ಅಲ್ವಾ, ನೆನಪಿನ ಪರೀಕ್ಷೆ ಮಾಡಿಸುವ ಬಗ್ಗೆ ಅಲ್ಲಿ ಒಮ್ಮೆ ವಿಚಾರಿಸಿ.