ಇಂಗ್ಲೆಂಡಿಗೆ ಹೋಗುವ ಮುಂಚೆ ಮೈಸೂರಿನಲ್ಲಿ ಗೇರ್ ಕಾರು ಕಲಿಯಬೇಕಾ, ಆಟೋಮ್ಯಾಟಿಕ್ ಸಾಕಾ?

ನೀವು ಬರೆದಿರುವುದು ಇಷ್ಟು: ಮೈಸೂರಿನವರು, ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟಿದ್ದೀರಿ. ಡಿಎಲ್ ಇದೆ, ಆದರೆ ಮನೆಯಲ್ಲಿರುವುದು ಆಟೋಮ್ಯಾಟಿಕ್, ಅದನ್ನೇ ಓಡಿಸಿ ಅಭ್ಯಾಸ. ಹೊರಡುವಷ್ಟರಲ್ಲಿ ಗೇರ್ ಕಾರು ಕಲಿತುಕೊಳ್ಳಬೇಕಾ, ಬೇರೆ ದೇಶಗಳಲ್ಲಿ ಹೇಗಿದೆ ಅಂತ ಕೇಳಿದ್ದೀರಿ.

ಕಲಿಯಿರಿ. ಓಡಿಸುವ ಮಜಾಕ್ಕಲ್ಲ, ಲೈಸೆನ್ಸಿನ ಸಲುವಾಗಿ.

ನಾನು ಕೆಲವು ವರ್ಷ ಲೆಸ್ಟರ್‌ನಲ್ಲಿದ್ದೆ. ಅಲ್ಲೇ ಟೆಸ್ಟ್ ಕೊಟ್ಟು ಲೈಸೆನ್ಸ್ ತೆಗೆದುಕೊಂಡೆ. ಈಗ ಮೈಸೂರಿಗೆ ವಾಪಸ್ ಬಂದು ಆಟೋಮ್ಯಾಟಿಕ್ ಓಡಿಸುತ್ತಿದ್ದೇನೆ. ಆದ್ದರಿಂದ 'ಗೇರ್ ಹಾಕದವನು ಡ್ರೈವರೇ ಅಲ್ಲ' ಅನ್ನುವ ಪೈಕಿ ನಾನಲ್ಲ. ದಸರಾ ದೀಪ ನೋಡಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಸಯ್ಯಾಜಿರಾವ್ ರಸ್ತೆ ಕಡೆ ಹೋಗಿ, ಕ್ಲಚ್ ತುಳಿದು ತುಳಿದು ಎಡಗಾಲು ಸೋತು ಹೋದವರಿಗೆ ಆಟೋಮ್ಯಾಟಿಕ್ಕಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಷಯ ಏನೆಂದರೆ, ನಮ್ಮಲ್ಲಿ ಕಾರಿನ ಡಿಎಲ್ ಒಂದೇ ಥರ. ಎಲ್‌ಎಂವಿ ಅಂತ ಬರೆದಿದ್ದರೆ ಮುಗಿಯಿತು, ಯಾವ ಕಾರು ಬೇಕಾದರೂ ಓಡಿಸಬಹುದು. ಗೇರ್ ಇರುವುದು, ಇಲ್ಲದ್ದು ಅನ್ನುವ ಭೇದ ಟೂ ವೀಲರ್‌ಗೆ ಮಾತ್ರ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ನೆಲೆಸಿದ ಮೊದಲ 12 ತಿಂಗಳು ನಮ್ಮ ಡಿಎಲ್‌ನಲ್ಲೇ ಓಡಿಸಬಹುದು. ಆಮೇಲೆ ಅದು ನಡೆಯುವುದಿಲ್ಲ. ಕೆಲವು ದೇಶದವರಿಗೆ ಲೈಸೆನ್ಸ್ ಸುಮ್ನೆ ಬದಲಾಯಿಸಿ ಕೊಡುತ್ತಾರೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಂದರೆ ಮೊದಲಿಂದ ಶುರು: ಕಲಿಯುವವರಿಗೆ ಕೊಡುವ ಪ್ರಾವಿಷನಲ್ ಲೈಸೆನ್ಸ್, ಥಿಯರಿ ಪರೀಕ್ಷೆ, ಆಮೇಲೆ ರೋಡ್ ಟೆಸ್ಟ್. ಊರಲ್ಲಿ ಇಪ್ಪತ್ತು ವರ್ಷ ಓಡಿಸಿದವರಾದರೂ ಸರಿ, 12 ತಿಂಗಳು ದಾಟಿದ ಮೇಲೆ ಕಾರಿನ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿಕೊಂಡು, ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರನ್ನು ಕೂರಿಸಿಕೊಂಡೇ ಹೋಗಬೇಕು. ಅವರಿಗೆ 21 ತುಂಬಿರಬೇಕು, ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು.

ಈ ರೋಡ್ ಟೆಸ್ಟಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಸಿಗುವ ಲೈಸೆನ್ಸ್ ಆಟೋಮ್ಯಾಟಿಕ್ಕಿಗೆ ಮಾತ್ರ. ಗೇರ್ ಕಾರಿನಲ್ಲಿ ಪಾಸಾದರೆ ಎರಡೂ ಓಡಿಸಬಹುದು. ಮುಂದೆ ಮನಸ್ಸು ಬದಲಾದರೆ ಗೇರ್ ಕಾರಿನಲ್ಲಿ ಇನ್ನೊಮ್ಮೆ ಟೆಸ್ಟ್ ಕೊಡಬೇಕು, ಬೇರೆ ದಾರಿಯಿಲ್ಲ. ಟೆಸ್ಟ್ ಡೇಟ್ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯುವ ಊರು ಅದು. ಇನ್ನು 'ಆಟೋಮ್ಯಾಟಿಕ್ಕಿನಲ್ಲಾದರೆ ಸುಲಭವಾಗಿ ಪಾಸಾಗಬಹುದು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿನ ಸರ್ಕಾರದ ಲೆಕ್ಕದಲ್ಲೇ ಆಟೋಮ್ಯಾಟಿಕ್ಕಿನಲ್ಲಿ ಪಾಸಾಗುವವರ ಪ್ರಮಾಣ ಗೇರ್ ಕಾರಿನವರಿಗಿಂತ ಕಡಿಮೆ. ಡ್ರೈವಿಂಗ್ ಅಂದರೆ ಮೊದಲೇ ಭಯ ಇರುವವರು ಅದನ್ನು ಆರಿಸಿಕೊಳ್ಳುತ್ತಾರೆ ಅನ್ನುವುದು ನನ್ನ ಊಹೆ.

'ಇನ್ನೇನು ಎಲ್ಲ ಎಲೆಕ್ಟ್ರಿಕ್ ಆಗ್ತಿದೆ, ಕ್ಲಚ್ ಯಾರಿಗೆ ಬೇಕು?' ಅಂತಲೂ ಕೇಳುತ್ತಾರೆ. ಹೊಸ ಕಾರಿನ ಮಟ್ಟಿಗೆ ಅದು ಸರಿ. ಆದರೆ ಹೊಸದಾಗಿ ಹೋದವರು ಹೊಸ ಕಾರು ಎಲ್ಲಿ ಕೊಳ್ಳುತ್ತಾರೆ? ಇನ್ಶೂರೆನ್ಸ್ ದುಡ್ಡು ನೋಡಿಯೇ ತಲೆ ತಿರುಗುತ್ತದೆ. ಕೈಗೆಟಕುವುದು ಹಳೆ ಪುಟ್ಟ ಕಾರುಗಳು, ಅವುಗಳಲ್ಲಿ ಗೇರ್ ಇರುವಂಥವೇ ಜಾಸ್ತಿ. ರಜೆಗೆ ಸ್ಪೇನಿಗೋ ಇಟಲಿಗೋ ಹೋಗಿ ಬಾಡಿಗೆ ಕಾರು ತೆಗೆದುಕೊಂಡರೂ ಅಷ್ಟೇ, ಕಡಿಮೆ ಬೆಲೆಯವು ಸಾಮಾನ್ಯವಾಗಿ ಗೇರ್ ಕಾರುಗಳೇ.

ಬೇರೆ ದೇಶಗಳದ್ದು ಚುಟುಕಾಗಿ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ಲೈಸೆನ್ಸಿನ ಹೆಸರೇ ಬೇರೆ ಬೇರೆ. ಕ್ಲಾಸ್ 3 ಇದ್ದರೆ ಎರಡೂ ಓಡಿಸಬಹುದು, 3ಎ ಇದ್ದರೆ ಆಟೋಮ್ಯಾಟಿಕ್ ಮಾತ್ರ. ದುಬೈಯಲ್ಲೂ ಈ ಭೇದ ಇದೆ. ಜಪಾನಿನಲ್ಲಿ 1991ರಿಂದ ಆಟೋಮ್ಯಾಟಿಕ್ಕಿಗೇ ಅಂತ ಪ್ರತ್ಯೇಕ ಲೈಸೆನ್ಸ್ ಇದೆ. ಜರ್ಮನಿಯವರು 2021ರಲ್ಲಿ ಜಾಣತನದ ಒಂದು ನಿಯಮ ತಂದರು: 45 ನಿಮಿಷದ ಹತ್ತು ಪಾಠ ಗೇರ್ ಕಾರಿನಲ್ಲಿ ಮುಗಿಸಿ, ಓಡಿಸಬಲ್ಲೆ ಅಂತ ಡ್ರೈವಿಂಗ್ ಸ್ಕೂಲಿನಲ್ಲಿ ತೋರಿಸಿದರೆ, ಟೆಸ್ಟ್ ಆಟೋಮ್ಯಾಟಿಕ್ಕಿನಲ್ಲಿ ಕೊಟ್ಟರೂ ಎರಡಕ್ಕೂ ಲೈಸೆನ್ಸ್. ಇಂಗ್ಲೆಂಡಿನವರೂ ಇದನ್ನೇ ಮಾಡಬಹುದಿತ್ತು.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ಜನರಲ್ ಮೋಟಾರ್ಸ್‌ನವರು 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲೇ ಹೈಡ್ರಾ-ಮ್ಯಾಟಿಕ್ ಅನ್ನುವ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಿದ್ದರು. ಹಳೆ ಆಟೋಮ್ಯಾಟಿಕ್‌ಗಳು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದವು, ಪುಟ್ಟ ಎಂಜಿನ್ನಿನ ಶಕ್ತಿಯನ್ನೂ ತಿನ್ನುತ್ತಿದ್ದವು. ಅಗ್ಗದ ಪೆಟ್ರೋಲ್, ದೊಡ್ಡ ಎಂಜಿನ್ ಇದ್ದ ಅಮೆರಿಕದವರಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಯುರೋಪಿನವರಿಗೂ ನಮಗೂ ಬಂತು. ಈಗ ಅಮೆರಿಕದಲ್ಲಿ ಗೇರ್ ಇರುವ ಹೊಸ ಕಾರು ಹುಡುಕಿದರೂ ಸಿಗುವುದು ಕಷ್ಟ. ಟೆಕ್ಸಾಸ್‌ನಲ್ಲಿರುವ ನನ್ನ ತಂಗಿ ಮೈಸೂರಿಗೆ ಬಂದಾಗ ಅಪ್ಪನ ಹಳೆ ಕಾರಿನ ಕೀ ಮುಟ್ಟುವುದೇ ಇಲ್ಲ.

ನಮ್ಮಲ್ಲಿ ಸಾಮಾನ್ಯ ಜನ ಆಟೋಮ್ಯಾಟಿಕ್ ಕಡೆ ತಿರುಗಿದ್ದು 2014ರಲ್ಲಿ ಮಾರುತಿಯ ಸೆಲೆರಿಯೊ ಕಾರು ಬಂದ ಮೇಲೆ. ಅದರಲ್ಲಿದ್ದದ್ದು ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನುವಲ್ ಟ್ರಾನ್ಸ್‌ಮಿಷನ್. ನಿಮ್ಮ ಮನೆಯ ಕಾರೂ ಎಎಂಟಿಯೇ ಇರಬಹುದು. ಹಾಗಿದ್ದರೆ ಒಂದು ವಿಷಯ ತಿಳಿದುಕೊಳ್ಳಿ. ಅದರೊಳಗೆ ಇರುವುದು ಗೇರ್ ಕಾರಿನ ಗೇರ್‌ಬಾಕ್ಸೇ, ಗೇರ್ ಕಾರಿನ ಕ್ಲಚ್ಚೇ. ಕಾಲಿನ ಬದಲು ಒಂದು ಯಂತ್ರ ಕ್ಲಚ್ ಒತ್ತುತ್ತದೆ, ಅಷ್ಟೇ ವ್ಯತ್ಯಾಸ. ಗೇರ್ ಬದಲಾಗುವಾಗ ತಲೆ ಒಂದು ಸಲ ಮುಂದಕ್ಕೆ ವಾಲುತ್ತದಲ್ಲ, ಅದು ಇದಕ್ಕೇ. ಚಾಮುಂಡಿ ಬೆಟ್ಟ ಹತ್ತುವಾಗ ಭಾನುವಾರದ ಸಾಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹಿಂದಕ್ಕೆ ಜಾರದಿರಲಿ ಅಂತ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಕಾರನ್ನು ಅಲ್ಲೇ ತಡೆಹಿಡಿದರೆ, ಒಳಗೆ ಆ ಯಂತ್ರ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು, ಒದ್ದಾಡುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಬ್ರೇಕ್ ಒತ್ತಿಕೊಂಡೇ ನಿಲ್ಲಬೇಕು. ಇಳಿಯುವಾಗ ಮ್ಯಾನುವಲ್ ಮೋಡಿಗೆ ಹಾಕಿ ಸೆಕೆಂಡ್ ಗೇರಿನಲ್ಲಿ ಬಂದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಗೇರ್ ಕಾರು ಓಡಿಸಿದವರಿಗೆ ಇದೆಲ್ಲ ಕಾಲಿಗೇ ಗೊತ್ತಿರುತ್ತದೆ.

ಈಗ ಕಲಿಯುವ ವಿಷಯ. ಇಂಗ್ಲೆಂಡಿನಲ್ಲೂ ಎಡಗಡೆ ಸಂಚಾರ, ಬಲಗಡೆ ಸ್ಟೇರಿಂಗ್, ಎಡಗೈಗೆ ಗೇರ್. ಹಾಗಾಗಿ ಇಲ್ಲಿ ಕಲಿತದ್ದು ಅಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಕಾಟ ಇಂಡಿಕೇಟರ್‌ದು. ನಮ್ಮ ಹೆಚ್ಚಿನ ಕಾರುಗಳಲ್ಲಿ ಅದು ಬಲಗೈಗೆ, ಅಲ್ಲಿ ಎಡಗೈಗೆ. ಗೇರ್, ಇಂಡಿಕೇಟರ್ ಎರಡೂ ಒಂದೇ ಕೈಗೆ ಬಂದಾಗ ರೌಂಡಬೌಟ್ ಹತ್ತಿರ ಆ ಕೈಗೆ ಪುರುಸೊತ್ತೇ ಇರುವುದಿಲ್ಲ. ಮೊದಲು ಇಂಡಿಕೇಟರ್, ಆಮೇಲೆ ಬ್ರೇಕ್, ಆಮೇಲೆ ಸೆಕೆಂಡ್ ಗೇರ್. ಈ ಕ್ರಮ ರೂಢಿಯಾಗಬೇಕು, ಇಲ್ಲದಿದ್ದರೆ ಒಣ ಗಾಜಿನ ಮೇಲೆ ವೈಪರ್ ಕುಣಿಯುತ್ತದೆ. ಮೈಸೂರಿನವರಿಗೆ ಸರ್ಕಲ್ ಏನೂ ಹೊಸದಲ್ಲ, ನಿಜ. ಆದರೆ ಇಲ್ಲಿ ಮೂತಿ ಮೊದಲು ತೂರಿಸಿದವನಿಗೆ ದಾರಿ. ಅಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ, ಬಿಡದಿದ್ದರೆ ಟೆಸ್ಟ್ ಫೇಲ್. ಆದರೆ ಕಾರು ಒಂದು ಸಲ ಆಫ್ ಆಯಿತು ಅಂತ ಫೇಲ್ ಮಾಡುವುದಿಲ್ಲ, ಗಾಬರಿಯಾಗದೆ ಮತ್ತೆ ಸ್ಟಾರ್ಟ್ ಮಾಡಿ ಹೊರಟರೆ ಸಾಕು.

ಬೆಳಿಗ್ಗೆ ಬೇಗ ಲಲಿತಮಹಲ್ ರಸ್ತೆಯಲ್ಲಿ ಗೇರ್ ಬದಲಾಯಿಸುವುದು ಅಭ್ಯಾಸ ಮಾಡಿ. ಅದು ಬಂದ ಮೇಲೆ, ಕಬ್ಬು ಕಡಿಯುವ ಕಾಲವಾಗಿದ್ದರೆ ಮಂಡ್ಯ, ಪಾಂಡವಪುರದ ಕಡೆ ಹೋಗಿ. ಬೆಂಗಳೂರು-ಮೈಸೂರು ಹೈವೇ ಬೇಡ, ಕಬ್ಬು ಹೊರುವ ಟ್ರ್ಯಾಕ್ಟರ್‌ಗಳನ್ನು ಅಲ್ಲಿ 2023ರಿಂದ ಬಿಡುವುದಿಲ್ಲ. ಹಳ್ಳಿ ರಸ್ತೆ ಹಿಡಿಯಿರಿ. ರಸ್ತೆಯ ಎರಡೂ ಅಂಚಿಗೆ ಜೋತುಬಿದ್ದ ಕಬ್ಬಿನ ಲೋಡಿನ ಹಿಂದೆ ಸಿಕ್ಕಿಕೊಂಡರೆ ಫಸ್ಟ್, ಸೆಕೆಂಡ್, ಹಾಫ್ ಕ್ಲಚ್, ಮತ್ತೆ ಫಸ್ಟ್. ಮೈದಾನದಲ್ಲಿ ಎಷ್ಟು ಸುತ್ತು ಹೊಡೆದರೂ ಇಷ್ಟು ಕಲಿಯಲಾಗುವುದಿಲ್ಲ.

ಡ್ರೈವಿಂಗ್ ಸ್ಕೂಲಿಗೆ ಸೇರಿದರೆ ಒಂದು ಮಾತು. ಅವರ ಕಾರಿನಲ್ಲಿ ಪಕ್ಕದ ಸೀಟಿಗೂ ಪೆಡಲ್ ಇರುತ್ತದೆ. ಮೇಷ್ಟ್ರು ಮಾತಾಡುತ್ತಾ ಮಾತಾಡುತ್ತಾ ನಿಮ್ಮ ಪರವಾಗಿ ತಾವೇ ಕ್ಲಚ್ ಒತ್ತಿಬಿಡುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ. 'ಬ್ರೇಕ್ ಬೇಕಾದರೆ ಹಾಕಿ ಸಾರ್, ಕ್ಲಚ್ ಮಾತ್ರ ಮುಟ್ಟಬೇಡಿ' ಅಂತ ಮೊದಲ ದಿನವೇ ಹೇಳಿಬಿಡಿ. ಕಾರು ಆಫ್ ಆದರೆ ಆಗಲಿ, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.