ಪ್ರೊಪೋರ್ಷನಲ್ ಡಿವೈಡರ್ ಇಟ್ಟು ಅಳೆದರೂ ಮುಖ ಯಾಕೆ ವಾಲುತ್ತದೆ?

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಭಾವಚಿತ್ರ ನೆನಪಾಯಿತು. ನಿಮ್ಮ ಫೋಟೋದಲ್ಲಿ ತಲೆಯ ಮೇಲ್ತುದಿಯಿಂದ ಗದ್ದದವರೆಗೆ 9 ಸೆಂ.ಮೀ. ಇದೆ. ಕಾಗದದ ಮೇಲೆ ಅದು 24 ಸೆಂ.ಮೀ. ಆಗಬೇಕು. ಪ್ರತಿಯೊಂದನ್ನೂ, ಒಂದು ತುದಿಯಲ್ಲಿ ತೆಗೆದ ಅಳತೆಯನ್ನು ಇನ್ನೊಂದು ತುದಿಯಲ್ಲಿ ಬೇಕಾದಷ್ಟು ಪಟ್ಟು ದೊಡ್ಡದು ಮಾಡಿ ಕೊಡುವ ಪ್ರೊಪೋರ್ಷನಲ್ ಡಿವೈಡರ್‌ನಲ್ಲೇ ಅಳೆದಿದ್ದೀರಿ. ಆದರೂ ಮುಖ ಒಂದು ಕಡೆಗೆ ವಾಲಿದೆ, ಗದ್ದ ಉದ್ದವಾಗಿದೆ. ಡಿವೈಡರ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ನನಗೂ ಹೀಗೇ ಆಗಿತ್ತು. ಗದ್ದ ಉದ್ದವಾಗಿದ್ದಕ್ಕೆ ಒಂದು ಕಾರಣ, ಮುಖ ವಾಲಿದ್ದಕ್ಕೆ ಇನ್ನೊಂದು.

ಮೊದಲು ಅನುಪಾತ ಸರಿಯಾಗಿ ಕೂತಿದೆಯಾ ನೋಡೋಣ. ಎರಡು ಕಾಲುಗಳು, ನಡುವೆ ಜಾರುವ ಒಂದು ಕೀಲು, ಎರಡೂ ತುದಿಗಳಲ್ಲಿ ಮೊನೆ, ಅಷ್ಟೇ ಈ ಸಲಕರಣೆ. ಕಾಲು ತೆರೆದಾಗ ಕೀಲಿನ ಎರಡೂ ಕಡೆ ಒಂದೇ ಆಕಾರದ ಎರಡು ತ್ರಿಭುಜ ಆಗುತ್ತವೆ. ಒಂದು ಕಡೆಯ ಕಾಲು ಇನ್ನೊಂದು ಕಡೆಯದಕ್ಕಿಂತ ಎರಡರಷ್ಟು ಉದ್ದ ಇದ್ದರೆ ಬಾಯಿಯೂ ಎರಡರಷ್ಟು ತೆರೆಯುತ್ತದೆ. ಇದು ಬಹಳ ಹಳೆಯ ಉಪಾಯ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪೊಂಪೇ ನಗರದಲ್ಲೂ ಇಂಥ ಡಿವೈಡರ್ ಸಿಕ್ಕಿದೆ.

ನಿಮಗೆ ಬೇಕಾದ ಅನುಪಾತ 24ನ್ನು 9ರಿಂದ ಭಾಗಿಸಿದರೆ ಬರುವ 2.67. ಕಾಲಿನ ಮೇಲೆ 2 ಮತ್ತು 3ರ ಗುರುತು ಇರುತ್ತದೆ, 2.67ರದ್ದು ಇರುವುದಿಲ್ಲ. ಆ ಎರಡರ ನಡುವೆ ಅಂದಾಜಿನಲ್ಲಿ ಇಟ್ಟಿರುತ್ತೀರಿ, ಅಲ್ವಾ? ಆದರೆ ಗುರುತುಗಳ ನಡುವಿನ ಜಾಗ ಸಮವಾಗಿ ಹಂಚಿಕೆ ಆಗಿರುವುದಿಲ್ಲ. ಉದಾಹರಣೆಗೆ 1 ಮತ್ತು 2ರ ಸರಿಯಾಗಿ ನಡುವೆ ಕೀಲು ಇಟ್ಟರೆ 1.5 ಬರುವುದಿಲ್ಲ, 1.4 ಬರುತ್ತದೆ. ಕಾಲಿನ ಒಟ್ಟು ಉದ್ದವನ್ನು, ಅನುಪಾತಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಚಿಕ್ಕ ತುದಿಯ ಮೊನೆಯಿಂದ ಕೀಲು ಅಷ್ಟು ದೂರದಲ್ಲಿರಬೇಕು. ನಿಮ್ಮದು 20 ಸೆಂ.ಮೀ. ಉದ್ದದ್ದಾದರೆ 20ನ್ನು 3.67ರಿಂದ ಭಾಗಿಸಿ, ಸುಮಾರು 5.45 ಸೆಂ.ಮೀ.

ನಾನು ಇದನ್ನು ಶುರುವಿನ ಅಂದಾಜಿಗೆ ಮಾತ್ರ ಬಳಸುತ್ತೇನೆ. ನಂಬುವುದು ರಫ್ ಕಾಗದವನ್ನು. ಅದರ ಮೇಲೆ 3 ಸೆಂ.ಮೀ.ನ ಒಂದು ಗೆರೆ, 8 ಸೆಂ.ಮೀ.ನ ಇನ್ನೊಂದು ಗೆರೆ ಎಳೆಯಿರಿ. 9ಕ್ಕೆ 24 ಅಂದರೂ 3ಕ್ಕೆ 8 ಅಂದರೂ ಒಂದೇ. ಚಿಕ್ಕ ತುದಿಯನ್ನು ಮೊದಲ ಗೆರೆಗೆ ಹೊಂದಿಸಿ, ತಿರುಗಿಸಿ, ದೊಡ್ಡ ತುದಿಯನ್ನು ಎರಡನೆಯದರ ಮೇಲಿಡಿ. 8 ಮುಟ್ಟದೆ 7.7ಕ್ಕೇ ನಿಂತರೆ ಕೀಲನ್ನು ಚಿಕ್ಕ ತುದಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಸರಿಸುವಾಗ ಎರಡೂ ಕಾಲು ಪೂರ್ತಿ ಮುಚ್ಚಿರಲಿ, ಇದು ಮುಖ್ಯ. ತೆರೆದಿಟ್ಟು ಸರಿಸಿದರೆ ಕೀಲು ಒಂದು ಕಾಲಿನಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ ಕೂರುತ್ತದೆ, ಆಮೇಲೆ ಯಾವ ಅಳತೆಯೂ ನೆಟ್ಟಗೆ ಬರುವುದಿಲ್ಲ. ಮೊನೆಗಳನ್ನು ಯಾರಾದರೂ ಉಜ್ಜಿ ಚೂಪು ಮಾಡಿದ್ದರೆ ಕಾಲಿನ ಉದ್ದವೇ ಬದಲಾಗಿರುತ್ತದೆ, ಕೆತ್ತಿದ ಗುರುತುಗಳು ಕೆಲಸಕ್ಕೆ ಬರುವುದಿಲ್ಲ. ಎರಡು ಗೆರೆಗಳ ಪರೀಕ್ಷೆ ಆಗಲೂ ನಡೆಯುತ್ತದೆ.

ಈಗ ಗದ್ದದ ವಿಷಯ. ನೀವು ಹಣೆಯಿಂದ ಹುಬ್ಬು, ಹುಬ್ಬಿನಿಂದ ಕಣ್ಣು, ಕಣ್ಣಿನಿಂದ ಮೂಗು, ಮೂಗಿನಿಂದ ತುಟಿ, ತುಟಿಯಿಂದ ಗದ್ದ ಎಂದು ಒಂದರ ಕೆಳಗೊಂದು ಅಳೆದಿದ್ದೀರಿ. ದೊಡ್ಡದು ಮಾಡುವಾಗ ಅಳತೆಯ ಜೊತೆ ತಪ್ಪೂ ದೊಡ್ಡದಾಗುತ್ತದೆ. ಫೋಟೋದ ಮೇಲೆ ಮೊನೆ ಅರ್ಧ ಮಿಲಿಮೀಟರ್ ಆಚೆ ಬಿದ್ದರೆ ಕಾಗದದ ಮೇಲೆ ಅದು 1.3 ಮಿಲಿಮೀಟರ್. ಐದು ಹೆಜ್ಜೆಯಲ್ಲೂ ತಪ್ಪು ಒಂದೇ ಕಡೆಗೆ ಆದರೆ ಗದ್ದ 6 ಮಿಲಿಮೀಟರ್‌ಗಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಮುಖದಲ್ಲಿ ಅಷ್ಟು ಸಾಕು, ಬೇರೆಯವರ ಮುಖವೇ ಆಗಿಬಿಡುತ್ತದೆ.

ಅದಕ್ಕೇ ಎಲ್ಲವನ್ನೂ ಒಂದೇ ಗೆರೆಯಿಂದ ಅಳೆಯಿರಿ. ನಾನು ಕಣ್ಣುಗಳ ಗೆರೆಯನ್ನು ಹಿಡಿಯುತ್ತೇನೆ. ಅದು ತಲೆಯ ಹೆಚ್ಚುಕಡಿಮೆ ನಡುವೆ ಬರುತ್ತದೆ, ಹಾಗಾಗಿ ಫೋಟೋದಲ್ಲಿ ಯಾವ ಅಳತೆಯೂ 4.5 ಸೆಂ.ಮೀ.ಗಿಂತ ತುಂಬಾ ಜಾಸ್ತಿ ಆಗುವುದಿಲ್ಲ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಪೂರ್ತಿ 9 ಸೆಂ.ಮೀ.ಯನ್ನು ಒಂದೇ ಸಲ ತೆಗೆಯಲು ಹೋದರೆ ಕಾಲುಗಳು ನೂರು ಡಿಗ್ರಿಗೂ ಮೀರಿ ತೆರೆಯಬೇಕಾಗುತ್ತದೆ. ಆಗ ಮೊನೆ ಕಾಗದದ ಮೇಲೆ ಅಡ್ಡಡ್ಡ ಜಾರುತ್ತದೆ. 60 ಡಿಗ್ರಿಯೊಳಗೆ ಇದ್ದರೆ ಕೈಗೆ ಹಿತ. ಹಿಡಿಯುವುದೂ ಕೀಲಿನ ಹತ್ತಿರವೇ ಹಿಡಿಯಿರಿ. ತುದಿ ಹಿಡಿದರೆ ಕಾಲು ಬಾಗುತ್ತದೆ.

ಇನ್ನು ವಾಲಿದ್ದು ಯಾಕೆ? ಡಿವೈಡರ್ ಉದ್ದವನ್ನು ಮಾತ್ರ ಹೇಳುತ್ತದೆ, ದಿಕ್ಕನ್ನು ಹೇಳುವುದಿಲ್ಲ. ಕಣ್ಣಿನಿಂದ ಮೂಗಿನ ತುದಿಗೆ ಎಷ್ಟು ದೂರ ಎಂದು ಸರಿಯಾಗಿ ತೆಗೆದಿದ್ದೀರಿ, ಯಾವ ಕಡೆಗೆ ಎಂಬುದನ್ನು ಕಣ್ಣಳತೆಯಲ್ಲಿ ಹಾಕಿದ್ದೀರಿ. ಇದನ್ನು ಯಾರಾದರೂ ನನಗೆ ಶುರುವಿನಲ್ಲೇ ಹೇಳಿದ್ದರೆ ಎಷ್ಟೋ ಕಾಗದ ಉಳಿಯುತ್ತಿತ್ತು.

ದಿಕ್ಕು ಸಿಗಬೇಕಾದರೆ ಪ್ರತಿ ಬಿಂದುವನ್ನೂ ಎರಡು ಕಡೆಯಿಂದ ಅಳೆಯಬೇಕು. ಎರಡು ಕಣ್ಣುಗಳ ಹೊರ ಮೂಲೆಗಳನ್ನು ಮೊದಲು ಕಾಗದದ ಮೇಲೆ ಗುರುತಿಸಿ. ಎಡ ಮೂಲೆಯಿಂದ ಮೂಗಿನ ತುದಿಯ ದೂರ ತೆಗೆದು ಕಾಗದದ ಮೇಲೆ ಒಂದು ಚಿಕ್ಕ ಕಂಸ, ಅಂದರೆ ವೃತ್ತದ ಒಂದು ತುಣುಕು, ಎಳೆಯಿರಿ. ಬಲ ಮೂಲೆಯಿಂದಲೂ ಹಾಗೆಯೇ. ಎರಡೂ ಕಂಸ ಕತ್ತರಿಸಿದಲ್ಲಿ ಮೂಗಿನ ತುದಿ. ಬಾಯಿಯ ಮೂಲೆಗಳು, ಗದ್ದ, ಕಿವಿಯ ಕೆಳತುದಿ, ಎಲ್ಲವನ್ನೂ ಇದೇ ಎರಡು ಬಿಂದುಗಳಿಂದ ಹುಡುಕಿ. ಮುಖ ಸ್ವಲ್ಪ ತಿರುಗಿರುವ ಫೋಟೋದಲ್ಲೂ ಇದು ಕೈಕೊಡುವುದಿಲ್ಲ. ಕಣ್ಣಿನ ಗೆರೆಗೆ ತೀರಾ ಹತ್ತಿರದ ಬಿಂದುಗಳಿಗೆ ಮಾತ್ರ ಇದು ಆಗುವುದಿಲ್ಲ, ಅಲ್ಲಿ ಕಂಸಗಳು ಒಂದರ ಮೇಲೊಂದು ಸವರಿದಂತೆ ಸಾಗುತ್ತವೆ, ಎಲ್ಲಿ ಕತ್ತರಿಸಿದವು ಎಂದೇ ತಿಳಿಯುವುದಿಲ್ಲ. ಅಂಥವನ್ನು ಹಣೆಯ ಅಥವಾ ಗದ್ದದ ಬಿಂದುವಿನಿಂದ ಅಳೆಯಿರಿ.

ಕಂಸವನ್ನು ಡಿವೈಡರ್‌ನ ಮೊನೆಯಿಂದಲೇ ಗೀರಬೇಡಿ. ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ. ಮೇಲೆ ಪೆನ್ಸಿಲ್ ಛಾಯೆ ಕೊಟ್ಟಾಗ ಅದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಅಳಿಸಲು ಆಗುವುದಿಲ್ಲ. ನಾನು ದೊಡ್ಡ ತುದಿಯ ಅಳತೆಯನ್ನು ಸಾಮಾನ್ಯ ಕೈವಾರಕ್ಕೆ ದಾಟಿಸಿ, ತೆಳು ಪೆನ್ಸಿಲ್‌ನಲ್ಲಿ ಎಳೆಯುತ್ತೇನೆ. ಒಂದು ಹೆಜ್ಜೆ ಜಾಸ್ತಿ, ಆದರೆ ಕಾಗದ ಉಳಿಯುತ್ತದೆ. ಮೂಲ ಫೋಟೋದ ಮೇಲೂ ಮೊನೆ ಒತ್ತಬೇಡಿ, ಒಂದು ಪ್ರಿಂಟ್ ತೆಗೆದುಕೊಳ್ಳಿ.

ಇನ್ನೊಂದು ಕಾಲಿನ ಮೇಲೆ 6ರಿಂದ 20ರವರೆಗೆ ಇರುವ ಅಂಕಿಗಳು ಏನು ಎಂದೂ ಕೇಳಿದ್ದಿರಿ. ಅವು ವೃತ್ತವನ್ನು ಸಮಭಾಗ ಮಾಡುವುದಕ್ಕೆ. 12ಕ್ಕೆ ಇಟ್ಟು ದೊಡ್ಡ ತುದಿಯನ್ನು ತ್ರಿಜ್ಯದಷ್ಟು ತೆರೆದರೆ, ಚಿಕ್ಕ ತುದಿ ವೃತ್ತದ ಮೇಲೆ ಹನ್ನೆರಡು ಹೆಜ್ಜೆಗೆ ಸರಿಯಾಗಿ ಸುತ್ತು ಮುಗಿಸುತ್ತದೆ. ಭಾವಚಿತ್ರಕ್ಕೆ ಅವು ಬೇಡ. ಕೀಲನ್ನು ತಪ್ಪಿ ಆ ಅಂಕಿಗಳಿಗೆ ಹೊಂದಿಸಿಲ್ಲ ತಾನೇ, ಒಮ್ಮೆ ನೋಡಿಕೊಳ್ಳಿ.

ಒಂದು ವೇಳೆ ನಿಮ್ಮದು ಕೀಲು ಜಾರದ, ಬರೀ ತೂತುಗಳಿರುವ ಮರದ ಅಥವಾ ಪ್ಲಾಸ್ಟಿಕ್ ಡಿವೈಡರ್ ಆಗಿದ್ದರೆ 2.67ಕ್ಕಾಗಿ ಸುಮ್ನೆ ಒದ್ದಾಡಬೇಡಿ. 2.5ರ ತೂತಿಗೆ ಕೀಲು ಹಾಕಿ, ಮುಖವನ್ನು 22.5 ಸೆಂ.ಮೀ.ಗೆ ಬಿಡಿಸಿ.