ಗುಂಡಿ ಮುಚ್ಚಿದ ದಿನದಿಂದ ಶುರು ಮಾಡಿ

ನಮಸ್ಕಾರ,

ತಾಂಜಾನಿಯಾದ ಸೊಂಗೊ ಮ್ನಾರಾ ದ್ವೀಪದ ಹಳೆಯ ಪಟ್ಟಣದ ಉತ್ಖನನದಲ್ಲಿ ನೀವು ಕಳೆದ ಕೊನೆಯ ನಾಲ್ಕು ದಿನಗಳ ಬಗ್ಗೆ ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನಿರೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಸೂರ್ಯಾಸ್ತ, ತೆಂಗಿನ ಮರ, ಹಾಯಿದೋಣಿ, 'ಕಾಲವೇ ನಿಂತಂತಿತ್ತು'. ಇಷ್ಟನ್ನು ಆ ದ್ವೀಪಕ್ಕೆ ಕಾಲಿಡದವರೂ ಬರೆಯಬಹುದು. ನೀವು ಆರು ವಾರ ಮಂಡಿಯೂರಿ ಕೂತು ಕರಣೆಯಲ್ಲಿ ಮಣ್ಣು ಕೆರೆದವರು. ಆದರೂ ಲೇಖನದಲ್ಲಿ ಮಣ್ಣೇ ಇಲ್ಲ. ಅದು ಯಾವ ಬಣ್ಣದ್ದು, ಜರಡಿಯಲ್ಲಿ ಸಲೀಸಾಗಿ ಇಳಿಯುತ್ತಿತ್ತಾ, ಉಂಡೆ ಕಟ್ಟುತ್ತಿತ್ತಾ? ಒಂದೊಂದು ಪದರ ಬದಲಾದಾಗಲೂ ಬಣ್ಣದ ಪಟ್ಟಿ ಪಕ್ಕ ಹಿಡಿದು ನಂಬರ್ ಬರೆದುಕೊಂಡಿರುತ್ತೀರಲ್ಲ, ಆ ನೋಟ್‌ಬುಕ್ ಎದುರಿಗಿಟ್ಟುಕೊಂಡು ಬರೆಯಿರಿ. ನೆನಪಿಗಿಂತ ಅದನ್ನು ಜಾಸ್ತಿ ನಂಬಿ.

ಒಂಬತ್ತನೇ ಪ್ಯಾರಾದಲ್ಲಿ ಒಂದು ಮಾತಿದೆ. 'ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು ಸುರಿದೆವು, ಮಧ್ಯಾಹ್ನದ ಹೊತ್ತಿಗೆ ನಮ್ಮ ಗುಂಡಿ ಇರಲಿಲ್ಲ.' ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಡೀ ಲೇಖನ ಇಲ್ಲಿದೆ, ನೀವು ಮಾತ್ರ ಅದನ್ನು ಎರಡೇ ಸಾಲಿನಲ್ಲಿ ದಾಟಿ ಮತ್ತೆ ಸಮುದ್ರದ ಕಡೆ ಹೋಗಿಬಿಟ್ಟಿದ್ದೀರಿ. ವಾರಗಟ್ಟಲೆ ಇಂಚಿಂಚಾಗಿ ತೆಗೆದ ಮಣ್ಣನ್ನು ಸಲಿಕೆಯಲ್ಲಿ ಅರ್ಧ ದಿನಕ್ಕೆ ವಾಪಸ್ ತುಂಬುವುದು ಅಂದರೆ ಏನು, ಅದನ್ನು ಯಾಕೆ ಮಾಡಬೇಕು ಅಂತ ಹೆಚ್ಚಿನ ಓದುಗರಿಗೆ ಗೊತ್ತೇ ಇಲ್ಲ. ಉತ್ಖನನ ಅಂದರೆ ತೆಗೆಯುವುದು ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲಿಯ ಗೋಡೆಗಳು ಹವಳದ ಕಲ್ಲಿನವು, ಮೇಲಿನ ಗಾರೆಯೂ ಹವಳ ಸುಟ್ಟು ಮಾಡಿದ ಸುಣ್ಣದ್ದು. ತೆರೆದು ಬಿಟ್ಟರೆ ಮಳೆ, ಬೇರು, ಉಪ್ಪು ಗಾಳಿ ಸೇರಿ ತಿಂದುಹಾಕುತ್ತವೆ. ಸೊಂಗೊ ಮ್ನಾರಾ ಮತ್ತು ಪಕ್ಕದ ಕಿಲ್ವಾ ಕಿಸಿವಾನಿ ಎರಡೂ 1981ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಆದರೂ 2004ರಿಂದ 2014ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿದ್ದವು. ಇದನ್ನು ತಿಳಿದ ಓದುಗರಿಗೆ ನಿಮ್ಮ ಸಲಿಕೆಯ ಮಣ್ಣು ಬೇರೆಯೇ ಕಾಣುತ್ತದೆ. ಆ ಹಾಳೆಯೂ ಅಷ್ಟೇ. ಮುಂದೆ ಯಾರಾದರೂ ಅಲ್ಲೇ ಅಗೆದರೆ 'ಹಿಂದಿನವರು ಇಲ್ಲಿಗೆ ನಿಲ್ಲಿಸಿದ್ದರು' ಅಂತ ಹೇಳುವ ಗುರುತು ಅದು. ನೀವು ಎಂದೂ ನೋಡದ ಯಾರಿಗೋ ಬಿಟ್ಟುಬಂದ ಚೀಟಿ ಇದ್ದ ಹಾಗೆ ಅಲ್ವಾ?

ಈಗ ತಪ್ಪುಗಳು. 'ಇಬ್ನ್ ಬತೂತ ನಡೆದಾಡಿದ ಬೀದಿಗಳಲ್ಲಿ ನಾನೂ ನಡೆದೆ' ಅಂತ ಬರೆದಿದ್ದೀರಿ. ಮೊರಾಕೊದ ಆ ಪ್ರವಾಸಿ 1331ರಲ್ಲಿ ಬಂದದ್ದು ಪಕ್ಕದ ಕಿಲ್ವಾಕ್ಕೆ. ನೀವು ಅಗೆದ ಪಟ್ಟಣ ಕಟ್ಟಿದ್ದು ಆ ಶತಮಾನದ ಕೊನೆಯ ಹೊತ್ತಿಗೆ. ಆತ ಬಂದಾಗ ಆ ಬೀದಿಗಳೇ ಇರಲಿಲ್ಲ. ಸಾಲು ಚೆನ್ನಾಗಿದೆ, ಹೋಗಲೇಬೇಕು.

ಕೋಣೆಗಳು 'ನಿಗೂಢವಾಗಿ ಕಿರಿದಾಗಿದ್ದವು' ಅಂದಿದ್ದೀರಿ. ನಿಗೂಢ ಏನಿಲ್ಲ. ಚಾವಣಿಗೆ ಹಾಕುತ್ತಿದ್ದದ್ದು ಮ್ಯಾಂಗ್ರೋವ್ ಮರದ ಗಳ, ಅದು ಎಷ್ಟುದ್ದ ಸಿಗುತ್ತದೋ ಕೋಣೆಯೂ ಅಷ್ಟೇ ಅಗಲ. ನಿಮ್ಮ ಡೇರೆಯ ಪಕ್ಕದ ಕೆಸರಿನಲ್ಲಿ ಅದೇ ಮರ ನಿಂತಿತ್ತು ಅಂತ ನೀವೇ ಬರೆದಿದ್ದೀರಿ! ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, 'ನಿಗೂಢ' ಅನ್ನುವ ಪದವೇ ಬೇಡ. 'ಕಳೆದುಹೋದ ನಗರ' ಕೂಡ ಬೇಡ. ಸ್ವಾಹಿಲಿಯಲ್ಲಿ ಮ್ನಾರಾ ಅಂದರೆ ಗೋಪುರ, ದ್ವೀಪದಲ್ಲಿ ಇವತ್ತಿಗೂ ಜನ ಇದ್ದಾರೆ. ಹೆಸರು ಹಿಡಿದು ಕರೆಯುತ್ತಾ ಬಂದ ಊರನ್ನು ಅವರು ಯಾವಾಗ ಕಳೆದುಕೊಂಡಿದ್ದರು?

ಗಾಜಿನ ಮಣಿ ಸಿಕ್ಕ ಭಾಗ ನನಗೆ ಇಷ್ಟವಾಯಿತು. ಜರಡಿಯಲ್ಲಿ ಬಿದ್ದದ್ದಲ್ಲ, ಬೆವರಿದ ಹೆಬ್ಬೆರಳಿಗೆ ಅಂಟಿಕೊಂಡು ಬಂದದ್ದು ಅನ್ನುವುದು ಅಲ್ಲಿ ಕೂತವರಿಗೆ ಮಾತ್ರ ಸಿಗುವ ವಿವರ. ಆದರೆ ಮುಂದಿನ ಸಾಲಿಗೇ 'ನಮ್ಮ ನಾಡಿನ ಮಣಿ' ಅಂತ ಕುಣಿದಿದ್ದೀರಿ. ಭಾರತದ ಗಾಜಿನ ಮಣಿಗಳು ಆ ಕರಾವಳಿಗೆ ಶತಮಾನಗಟ್ಟಲೆ ಹೋಗಿವೆ, ನಿಜ. ಆದರೆ ಒಂದು ಮಣಿ ಎಲ್ಲಿಯದು ಅಂತ ಬಣ್ಣ ನೋಡಿ ಹೇಳಿಬಿಡಲು ಆಗುವುದಿಲ್ಲ, ಗಾಜಿನಲ್ಲಿ ಏನೇನು ಬೆರೆತಿದೆ ಅಂತ ಪರೀಕ್ಷಿಸಬೇಕು. ಪರೀಕ್ಷೆ ಆಗಿಲ್ಲದಿದ್ದರೆ ಹಾಗೆಂದೇ ಬರೆಯಿರಿ. ಸಮುದ್ರದಾಚೆ ಕೂತು 'ಇದು ನಮ್ಮ ಕಡೆಯದಾ?' ಅಂತ ಕೇಳಿಕೊಳ್ಳುವ ಹುಡುಗಿ ನನಗೆ ಹೆಚ್ಚು ಹತ್ತಿರದವಳು. ಆಮೇಲೆ ಆ ಮಣಿ ಏನಾಯಿತು? ಚೀಲಕ್ಕೆ ಹಾಕಿ, ನಂಬರ್ ಬರೆದು, ಪಟ್ಟಿಗೆ ಸೇರಿಸಿ ಒಪ್ಪಿಸಿರುತ್ತೀರಿ. ಆ ದೇಶದ ಅನುಮತಿ ಇಲ್ಲದೆ ಒಂದು ಚೂರೂ ಹೊರಗೆ ಹೋಗುವ ಹಾಗಿಲ್ಲ. ಆರು ವಾರ ಹುಡುಕಿದ್ದೆಲ್ಲ ಅಲ್ಲೇ ಬಿಟ್ಟು ಬರಿಗೈಯಲ್ಲಿ ದೋಣಿ ಹತ್ತಿದ್ದನ್ನು ನೀವು ಬರೆದೇ ಇಲ್ಲ. ವಿದಾಯದ ಕಣ್ಣೀರು ಮಾತ್ರ ಬರೆದಿದ್ದೀರಿ.

ಇನ್ನೊಂದು. 'ಸ್ಥಳೀಯ ಕೆಲಸಗಾರರು' ಅಂತ ಐದು ಕಡೆ ಬರುತ್ತದೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಕರಣೆ ತಾಗಿದ ಸದ್ದು ಕೇಳಿಯೇ ಗಾರೆ ನೆಲ ಬಂತು ಅಂತ ಗುರುತಿಸಿ ನಿಮ್ಮ ಕೈ ತಡೆದ ಹಿರಿಯರು ಅವರಲ್ಲಿ ಒಬ್ಬರು ತಾನೇ? ಅವರಿಗೆ ನೀವು ಕೊಟ್ಟದ್ದು ಅರ್ಧ ವಾಕ್ಯ. ಅವರು ಇಲ್ಲದಿದ್ದರೆ ಆ ನೆಲವನ್ನು ನೀವು ಅಗೆದು ಹಾಕಿಬಿಡುತ್ತಿದ್ದಿರಿ.

ಮತ್ತೆ ಬರೆದು ಕಳಿಸಿ. ಸಾವಿರ ಪದ ಸಾಕು. ಗುಂಡಿ ಮುಚ್ಚಿದ ಬೆಳಗ್ಗೆಯಿಂದ ಶುರು ಮಾಡಿ, ಹಿಂದಿನದು ಬೇಕಾದಾಗ ತಾನಾಗಿ ಬರುತ್ತದೆ. ಗುಂಡಿಯ ಗೋಡೆಯ ಪದರಗಳ ಚಿತ್ರ ಬರೆದಿರುತ್ತೀರಲ್ಲ, ತಂಡದವರು ಒಪ್ಪಿದರೆ ಅದರ ಒಂದು ಪ್ರತಿಯನ್ನೂ ಜೊತೆಗೆ ಕಳಿಸಿ, ಲೇಖನದ ಪಕ್ಕ ಹಾಕೋಣ. ಕೊನೆಯ ಸಲಿಕೆ ಮಣ್ಣು ಬಿದ್ದಾಗ ಆ ಹಿರಿಯರೂ ಪಕ್ಕದಲ್ಲಿದ್ದರು ಅಂತ ಬರೆದಿದ್ದೀರಿ. ಆಗ ಅವರು ಏನಾದರೂ ಹೇಳಿದರಾ?